ತೂಬಿನ ಮರದ ಮೇಜು

ನಮ್ಮ ದೊಡ್ಡಪ್ಪ ಲಕ್ಕಯ್ಯ ಮರಗೆಲಸದವರು. ಹೊಳೇನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಿ ಅವರು ಮಾಡಿದ ಬಾಗಿಲೋ ಮಂಚವೋ ಇಲ್ಲದ ಊರು ಕಡಿಮೆ. ಬಾಗಿಲ ಮೇಲೆ ಮಾಡಿದವರ ಹೆಸರು ಬರೆಯುವುದಿಲ್ಲವಾದ್ದರಿಂದ ಅದು ಯಾರಿಗೂ ನೆನಪಿರುವುದಿಲ್ಲ. ಈಗ ಅವರಿಗೆ ಅರವತ್ತು ದಾಟಿದೆ. ಬಲಗಾಲಿನ ಮಂಡಿ ಸರಿಯಾಗಿ ಮಡಚುವುದಿಲ್ಲ. ಕೂತರೆ ಏಳುವುದಕ್ಕೆ, ಎದ್ದರೆ ಕೂರುವುದಕ್ಕೆ ಏನಾದರೂ ಹಿಡಿದುಕೊಳ್ಳಬೇಕು. ಕೆಲಸ ಬಿಡಿ ಎಂದು ದೊಡ್ಡಮ್ಮ ಲಕ್ಷ್ಮಿದೇವಮ್ಮ ಹೇಳದ ದಿನವಿಲ್ಲ. ಅವರು ಹೂಂ ಎನ್ನುತ್ತಾರೆ, ಮತ್ತೆ ಉಜ್ಜುಗೊರಡು ಎತ್ತಿಕೊಂಡು ಹೋಗುತ್ತಾರೆ.

ನಮ್ಮದು ನೀರಗಂಟಿಗಳ ಮನೆ. ಕೆರೆಯ ನೀರನ್ನು ಯಾವ ಗದ್ದೆಗೆ ಯಾವಾಗ ಬಿಡಬೇಕು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂದು ನೋಡಿಕೊಳ್ಳುವುದು, ತೂಬು ತೆಗೆಯುವುದು, ಮುಚ್ಚುವುದು ನಮ್ಮ ಮನೆಯ ಗಂಡಸರ ಪಾಲಿಗೆ ಬಂದ ಕೆಲಸ. ತೂಬೆಂದರೆ ಏರಿಯ ಬುಡದಲ್ಲಿ ನೀರು ಹೊರಗೆ ಹೋಗುವ ಬಾಯಿ. ಬೇರೆ ಕೆರೆಗಳಲ್ಲಿ ಆ ಬಾಯಿಯ ಮೇಲೆ ತೂತಿರುವ ಕಲ್ಲಿನ ಚಪ್ಪಡಿ ಹಾಸಿರುತ್ತಾರೆ. ನಮ್ಮ ಊರಿನ ಕೆರೆಯಲ್ಲಿ ಕಲ್ಲಿನ ಬದಲು ಒಂದು ಭಾರಿ ಮರದ ದಿಮ್ಮಿಯನ್ನು ಅಡ್ಡ ಮಲಗಿಸಿ, ಅದರ ನಡುವೆ ಅಂಗೈ ಅಗಲದ ತೂತು ಕೊರೆದಿದ್ದರಂತೆ. ಯಾರು, ಯಾವ ಕಾಲದಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಆ ತೂತಿಗೆ ಮೇಲಿನಿಂದ ಮರದ ಬಿರಡೆ, ಬಿರಡೆಗೆ ಉದ್ದನೆಯ ಗಳ. ಗಳ ಎತ್ತಿದರೆ ನೀರು ಹೋಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಗಳ ಮುರಿದರೆ ನೀರಗಂಟಿಯೇ ಮುಳುಗಿ ಕೈಯಿಂದ ಬಿರಡೆ ಕೂರಿಸಬೇಕು.

ಹಾಗೆ ಮುಳುಗಿದ ನಮ್ಮ ತಾತ ಭೀಮ ಮೇಲೆ ಬರಲಿಲ್ಲ. ದೊಡ್ಡಪ್ಪನಿಗೆ ಆಗ ಮೀಸೆ ಮೂಡುವ ವಯಸ್ಸು. ಕೆರೆ ಕೋಡಿ ಬಿದ್ದ ವರ್ಷ. ಗಳ ಮುರಿದು ತೂಬು ಬಾಯಿ ತೆರೆದು, ಕೆಳಗೆ ನಾಟಿ ಹಾಕಿದ್ದ ಗದ್ದೆಗಳೆಲ್ಲ ಕೊಚ್ಚಿಹೋಗುತ್ತಿದ್ದವು. ಊರವರು ಏರಿಯ ಮೇಲೆ ನಿಂತು ಇಳಿ ಎಂದರು, ತಾತ ಇಳಿದರು. ನೀರಿನ ಸೆಳೆತಕ್ಕೆ ಬಿರಡೆ ಕೈತಪ್ಪಿ, ಬರಿಯ ಕೈ ತೂತಿನೊಳಗೆ ಹೋಗಿ ಸಿಕ್ಕಿಕೊಂಡಿತು. ನೀರು ತಗ್ಗುವವರೆಗೆ ಅವರನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ಇದು ನಾನು ಕಂಡದ್ದಲ್ಲ. ನಮ್ಮ ಅಜ್ಜಿ ಬೆಟ್ಟಮ್ಮ ಹೇಳಿದ್ದು. ಅವರೂ ಇಷ್ಟೇ ಮಾತಿನಲ್ಲಿ ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಸರ್ಕಾರದವರು ಬೇರೆ ಜಾಗದಲ್ಲಿ ಕಬ್ಬಿಣದ ಗೇಟು ಹಾಕಿದರು. ಹಳೆಯ ತೂಬು ಹೂಳಿನಲ್ಲಿ ಮುಚ್ಚಿಹೋಯಿತು.

ದೊಡ್ಡಪ್ಪ ನೀರಗಂಟಿಯಾಗಲಿಲ್ಲ. ಹೊಳೇನರಸೀಪುರದ ಸಾಮಿಲ್ಲಿನಲ್ಲಿ ಹೊಟ್ಟು ಗುಡಿಸುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಹಾಸನಕ್ಕೆ ಹೋಗಿ ಸೆಂಟ್ರಿಂಗ್ ಹಲಗೆ ಹೊಡೆದರು, ಒಂದು ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಹಾಕಿದರು. ನೋಡಿ ನೋಡಿಯೇ ಮರಗೆಲಸ ಕಲಿತರು. ಅರಕಲಗೂಡಿನ ದೊಡ್ಡಮ್ಮನನ್ನು ಮದುವೆಯಾಗಿ ಊರಿಗೆ ಬಂದು, ಮನೆಯ ಮಗ್ಗುಲಲ್ಲಿ ಶೀಟು ಹೊದಿಸಿ ಕೆಲಸ ಶುರುಮಾಡಿದರು. ಅಪ್ಪ ಹೋದಂದಿನಿಂದ ಕೆರೆಯ ಏರಿಯ ಮೇಲೆ ನಡೆದು ಹೋಗುವುದನ್ನೂ ತಪ್ಪಿಸುತ್ತಾರೆ. ದಾರಿ ಉದ್ದವಾದರೂ ಗುಡಿಯ ಕಡೆಯಿಂದ ಸುತ್ತಿಕೊಂಡು ಬರುತ್ತಾರೆ.

ಎರಡು ಬೇಸಿಗೆಯ ಹಿಂದೆ ಕೆರೆಯ ಹೂಳೆತ್ತಿಸಿದರು. ಹಿಟಾಚಿಯ ಹಲ್ಲಿಗೆ ಏನೋ ತಗುಲಿ ದೊಪ್ಪೆಂದಿತು. ಕಲ್ಲಾಗಿದ್ದರೆ ಅಂಥ ಸದ್ದು ಬರುವುದಿಲ್ಲ. ಸುತ್ತಲಿನ ಜೇಡಿ ಬಿಡಿಸಿ ನೀರು ಹಾಕಿ ತೊಳೆದಾಗ ಇದ್ದಿಲಿನಂತೆ ಕಪ್ಪಗಿರುವ ದಿಮ್ಮಿ ಕಂಡಿತು. ಮೇಲೂ ಕೆಳಗೂ ಬಾಚಿಯಲ್ಲಿ ಕೆತ್ತಿ ಚಪ್ಪಟೆ ಮಾಡಿದ್ದರು. ಉದ್ದ ಇಪ್ಪತ್ತು ಅಡಿಯ ಮೇಲಿತ್ತು, ಅಗಲ ಒಬ್ಬ ಮನುಷ್ಯ ಎರಡು ಕೈ ಚಾಚಿದಷ್ಟು ಇಲ್ಲದಿದ್ದರೂ ಅದಕ್ಕೆ ಹತ್ತಿರ. ಎಷ್ಟೋ ತಲೆಮಾರು ನೀರಿನಲ್ಲಿ, ಆಮೇಲೆ ಹೂಳಿನಲ್ಲಿ ಗಾಳಿ ಕಾಣದೆ ಇದ್ದುದರಿಂದ ಹುಳು ಹತ್ತಿರಲಿಲ್ಲ, ಕೊಳೆತು ಲಡ್ಡಾಗಿರಲಿಲ್ಲ. ನಡುವಿನ ತೂತಿನ ಅಂಚು ಮಾತ್ರ ಬಿರಡೆ ಉಜ್ಜಿ ಉಜ್ಜಿ ನುಣ್ಣಗಾಗಿತ್ತು.

ಪುರಾತತ್ವ ಇಲಾಖೆಯವರು ಬಂದು ನೋಡಿ ಫೋಟೋ ತೆಗೆದುಕೊಂಡರು. ನಾಲ್ಕೈದು ನೂರು ವರ್ಷ ಇರಬಹುದು, ಪರೀಕ್ಷೆ ಮಾಡಿಸದೆ ಹೇಳಲಾಗದು ಎಂದರು. ಬರವಣಿಗೆ, ಕೆತ್ತನೆ ಏನೂ ಇಲ್ಲ, ಊರಿನಲ್ಲೇ ಇಟ್ಟುಕೊಳ್ಳಿ, ಮಾರಬೇಡಿ ಎಂದು ಹೇಳಿ ಹೋದರು.

ಅದನ್ನು ಮೇಜು ಮಾಡಿಸಬೇಕೆಂಬುದು ಷಡಕ್ಷರಿಯವರ ಯೋಚನೆ. ಅವರು ಕೊಬ್ಬರಿ ವ್ಯಾಪಾರದವರು, ಕೆರೆಯ ಕೆಳಗೆ ಗದ್ದೆ ಇರುವವರು, ಕೆರೆ ಬಳಕೆದಾರರ ಸಂಘದ ಅಧ್ಯಕ್ಷರು. ಸಂಘಕ್ಕೆ ಹೊಸ ಕಟ್ಟಡವಾಗಿತ್ತು, ಒಳಗೆ ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಶ್ರವಣಬೆಳಗೊಳದ ಲಾಡ್ಜೊಂದರಲ್ಲಿ ಅವರು ಒಂದು ಉದ್ದನೆಯ ಮೇಜು ನೋಡಿ ಬಂದಿದ್ದರಂತೆ.

"ಅದರ ಅಪ್ಪನಂಥದ್ದು ಆಗ್ಬೇಕು ಕಣಯ್ಯ," ಎಂದು ನಮ್ಮ ಮನೆಯ ಮುಂದೆ ನಿಂತು ದೊಡ್ಡಪ್ಪನಿಗೆ ಹೇಳಿದರು. "ನೀರು ಅಂಚೋ ದಿನ ಊರಿನ ಎಲ್ಲಾ ಬೀದಿಯೋರೂ ಒಂದೇ ಟೇಬಲ್‌ಗೆ ಕೂರ್ಬೇಕು. ಊರಿನ ಮರ, ಊರಿನೋನೇ ಮಾಡ್ಲಿ ಅಂತ ನಿನ್ ಹತ್ರ ಬಂದೆ."

"ನಾಳೆ ಯೋಳ್ತೀನಿ ಸಾವ್ಕಾರ್ರೆ," ಎಂದರು ದೊಡ್ಡಪ್ಪ.

ಅವರು ಹೋದ ಮೇಲೆ ದೊಡ್ಡಮ್ಮ ಒಲೆಯ ಮುಂದಿನಿಂದಲೇ ಹೇಳಿದರು, "ಒಪ್ಕಬ್ಯಾಡಿ. ಮೊದ್ಲು ಮಂಡಿ ನೋಡ್ಕಳಿ. ಅದ ಎತ್ತಾಕೆ ಆನೆ ಬೇಕು."

"ನಾನು ಬ್ಯಾಡ ಅಂದ್ರೆ ಇನ್ನೊಬ್ಬ ಬಂದು ಗರಗಸ ಆಕ್ತಾನೆ. ಅಪ್ಪ ಕೊನೇಗೆ ಇಡ್ದಿದ್ದು ಅದನ್ನೇ ಅಲ್ವಾ ದೇವಿ."

ದೊಡ್ಡಮ್ಮ ಒಲೆಗೆ ಸೌದೆ ದೂಡಿದರು. ದೊಡ್ಡಪ್ಪ ದನಿ ತಗ್ಗಿಸಿ, "ಅವ್ವಂಗೆ ಯೋಳಬ್ಯಾಡ," ಎಂದರು. ಅಜ್ಜಿಗೆ ಕಣ್ಣು ಮಂಜಾಗಿ ವರ್ಷಗಳಾಗಿವೆ. ಜಗುಲಿಗೆ ಬಂದರೆ ಅದೇ ಹೆಚ್ಚು. ಮನೆಯವರೆಲ್ಲ ಅವರ ಮುಂದೆ ಆ ಮಾತು ತೆಗೆಯದೆ ಉಳಿದೆವು.

ಮೊದಲ ತೊಂದರೆ ಭಕ್ತಿಯಿಂದಲೇ ಬಂತು. ದಿಮ್ಮಿಯನ್ನು ಕೆರೆಯಿಂದ ತಂದು ಬಸವಣ್ಣನ ಗುಡಿಯ ಮುಂದಿನ ಬಯಲಿನಲ್ಲಿ ಇಳಿಸಿದ್ದರು. ಹಳೆಯ ತೂಬು, ಗಂಗಮ್ಮ ಇದ್ದ ಜಾಗ ಎಂದು ಹೆಂಗಸರು ಅರಿಸಿನ ಕುಂಕುಮ ಹಚ್ಚಿದರು, ಎಣ್ಣೆ ಹಾಕಿದರು, ದಿನಾ ಹೂವಿಟ್ಟರು. ಬೇಸಿಗೆಯ ಬಿಸಿಲು, ಪೂಜೆಯ ಮರವೆಂದು ಯಾರೂ ನೆರಳಿಗೆ ಸರಿಸಲಿಲ್ಲ. ಒಂದು ವಾರ ಕಳೆಯುವುದರೊಳಗೆ ತುದಿಯಿಂದ ಒಂದು ಸೀಳು ಬಿಟ್ಟುಕೊಂಡು ಬರುತ್ತಿತ್ತು. ದೊಡ್ಡಪ್ಪ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಕೆರೇಲಿದ್ದ ಮೀನ ತಂದು ಬಂಡೆ ಮ್ಯಾಲೆ ಆಕ್ದಂಗೆ ಮಾಡ್ಬುಟ್ರಲ್ಲ!"

ನಮ್ಮ ಮನೆಯಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಬಿಟ್ಟರೆ ಬೇರೆ ಪೂಜೆಯಿಲ್ಲ. ಆದರೂ ದೊಡ್ಡಪ್ಪ ಆ ಅರಿಸಿನವನ್ನು ಒರೆಸಲಿಲ್ಲ. ಅದರ ಮೇಲೆಯೇ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಹಾಕುತ್ತ ಬಂದರು. ಟ್ರಾಕ್ಟರ್ ಇಟ್ಟುಕೊಂಡಿರುವ ಮನೋಹರ ಆ ದಾರಿಯಲ್ಲಿ ಹೋಗುವಾಗೆಲ್ಲ ನಿಲ್ಲಿಸಿ ರೇಗಿಸುತ್ತಿದ್ದ. ನಮ್ಮ ಕೇರಿಯವನೇ, ಬಾಯಿ ಜೋರು, ಮನಸ್ಸಿನಲ್ಲಿ ಏನಿಲ್ಲ.

"ಏನ್ ಲಕ್ಕಣ್ಣ, ಸತ್ತಿರೋ ಮರಕ್ಕೆ ನೀರು ಉಯ್ತಿದ್ದೀಯಲ್ಲ, ಚಿಗುರ್ತದಾ?"

"ಚಿಗುರ್ಲಿ ಬುಡು, ನಿನ್ ಟ್ರಾಕ್ಟ್ರು ಕಟ್ಟಾಕಾಕೆ ನೆಳ್ಳಾಯ್ತದೆ."

"ನಂದು ಸಾಲದ್ ಟ್ರಾಕ್ಟ್ರು ಕಣಣ್ಣೋ, ನೆಳ್ಳಲ್ಲಿ ಕಟ್ಟಾಕಾಕೆ ಬ್ಯಾಂಕಿನೋರು ಬುಡಲ್ಲ!"

ಅದೇ ಟ್ರಾಕ್ಟರಿನಲ್ಲಿ ದಿಮ್ಮಿಯನ್ನು ಚನ್ನರಾಯಪಟ್ಟಣಕ್ಕೆ ಒಯ್ದರು. ಹೊಳೇನರಸೀಪುರದ ಸಾಮಿಲ್ಲಿಗೆ ಅದು ಹಿಡಿಸುತ್ತಿರಲಿಲ್ಲ. ಮರವನ್ನು ಮಲಗಿಸಿಯೇ ಕುಯ್ಯುವ ಮಿಶನ್ನು ಇದ್ದದ್ದು ಚನ್ನರಾಯಪಟ್ಟಣದಲ್ಲಿ. ಬ್ಲೇಡು ಮತ್ತೆ ಮತ್ತೆ ಮೊಂಡಾಯಿತು. ಕಾಫಿಪುಡಿಯಂತೆ ಕಪ್ಪು ಹೊಟ್ಟು ಉದುರಿತು. ಸಾಮಿಲ್ಲಿನವರು ಹೊನ್ನೆ ಎಂದರು, ಹಾಸನದಿಂದ ಬಂದವರೊಬ್ಬರು ತೇಗ ಎಂದರು. ದೊಡ್ಡಪ್ಪ ಮತ್ತಿ ಇರಬೇಕು ಎಂದರು, ಜಗಳಕ್ಕೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ದಿಮ್ಮಿ ಎರಡು ಹಲಗೆಯಾಗಿತ್ತು. ಮೇಲಿನದು ಮೇಜಿನ ಹಾಸುಹಲಗೆಗೆ, ಕೆಳಗಿನದು ಕಾಲಿಗೆ. ಎರಡರ ನಡುವೆಯೂ ಆ ತೂತು.

ಬರುವಾಗ ದೊಡ್ಡಪ್ಪ ಟ್ರೇಲರಿನಲ್ಲಿ ಹಲಗೆಯ ಪಕ್ಕದಲ್ಲೇ ಕೂತಿದ್ದರು. ಮನೋಹರ ಹೇಳಿದ ಪ್ರಕಾರ ದಾರಿಯುದ್ದಕ್ಕೂ ಒಂದೇ ಮಾತು ಆಡಿದರಂತೆ: "ನೀರು ಬ್ಯಾಡ ಅಂತ ಮರದ ಕಡೆ ಬಂದೆ ಕಣ್ಲಾ. ಮರಾನೂ ನೀರಿಂದಲೇ ಬಂತಲ್ಲ."

ಹಲಗೆಗಳು ಒಣಗಬೇಕಿತ್ತು. ಸಂಘದ ಕಟ್ಟಡದ ಹಿಂದೆ ನೆರಳಿನಲ್ಲಿ ಒಂದರ ಮೇಲೊಂದು, ನಡುವೆ ತೆಳು ರೀಪರ್ ಪಟ್ಟಿಯ ತುಂಡು ಕೊಟ್ಟು ಜೋಡಿಸಿದರು. ಗಾಳಿಯಾಡಬೇಕು, ಬಿಸಿಲು ತಾಗಬಾರದು. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೇ ಕಳೆಯಿತು. ಊರವರಿಗೆ ತಾಳ್ಮೆ ಇರಲಿಲ್ಲ. ಕಂಡವರೆಲ್ಲ ಟೇಬಲ್ ಆಯ್ತಾ ಎನ್ನುವರು. ದೊಡ್ಡಪ್ಪ ಉತ್ತರ ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ತಲೆ ಆಡಿಸಿ ಸುಮ್ಮನಾಗತೊಡಗಿದರು.

ಮೇಜಿನ ನಕ್ಷೆಯನ್ನು ಅವರು ಕಾಗದದ ಮೇಲೆ ಬರೆಯಲಿಲ್ಲ. ಅವರು ಯಾವುದನ್ನೂ ಕಾಗದದ ಮೇಲೆ ಬರೆಯುವವರಲ್ಲ. ಸಂಘದ ಸಭಾಂಗಣದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೇಜನ್ನು ಅದು ಇರುವಷ್ಟೇ ದೊಡ್ಡದಾಗಿ ಗೀಚಿದರು. ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿ, ಯಾರು ಸಿಕ್ಕರೆ ಅವರನ್ನು ಕೂರಿಸಿ ನೋಡುವರು. ಮೊಣಕೈಗೆ ಮೊಣಕೈ ತಾಗುತ್ತದೆಯೇ, ಎದುರಿಗಿರುವವನ ಮಾತು ಕೇಳುತ್ತದೆಯೇ, ಗೋಡೆಯ ಕಡೆ ಕೂತವರು ಎದ್ದು ಹೋಗಲು ಜಾಗವಿದೆಯೇ. ಒಂದು ವಿಚಿತ್ರ ಎಂದರೆ, ಗೀಚಿದ್ದು ಬರಿಯ ಗೆರೆಯಾದರೂ ಅದನ್ನು ಯಾರೂ ತುಳಿಯುತ್ತಿರಲಿಲ್ಲ. ಮೇಜೇ ಇದೆಯೇನೋ ಎಂಬಂತೆ ಸುತ್ತಿ ಹೋಗುತ್ತಿದ್ದರು.

ಆದರೆ ಗೆರೆಯನ್ನು ಅಳಿಸಿ ಬರೆಸುವವರಿಗೇನೂ ಕಡಿಮೆಯಿರಲಿಲ್ಲ. ಒಬ್ಬರು ದುಂಡಗಿರಲಿ ಎಂದರು. ಒಬ್ಬರು ಕಾಲಿಗೆ ಸಿಂಹದ ಪಾದ ಕೆತ್ತಿಸಿ ಎಂದರು. ಷಡಕ್ಷರಿಯವರ ಅಕ್ಕನ ಮಗ ರುದ್ರೇಶ ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅವನು ಕಾರಿನಲ್ಲಿ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಮರದ ಎರಡು ಹೋಳಿನ ನಡುವೆ ನೀಲಿ ಗಾಜಿನಂಥದ್ದನ್ನು ಹುಯ್ದಿದ್ದರು.

"ನೋಡಿ ಲಕ್ಕಣ್ಣ, ನಡುವೆ ನದಿ ಹರಿದಂಗೆ ಕಾಣುತ್ತೆ. ಈಗ ಎಲ್ಲಾ ಕಡೆ ಇದೇ. ಎರಡು ಥರದ ರಾಳ ಕಲಸಿ ಉಯ್ದ್ರೆ ಸಾಕು, ಕಲ್ಲಾಗುತ್ತೆ."

"ಚೆನ್ನಾಗದೆ," ಎಂದರು ದೊಡ್ಡಪ್ಪ. ಮೊಬೈಲು ಹಿಂದಕ್ಕೆ ಕೊಟ್ಟು, "ಕೆರೆ ಮರಕ್ಕೆ ನದಿ ಯಾಕಪ್ಪ?" ಎಂದರು.

ಕೂತವರು ನಕ್ಕರು. ರುದ್ರೇಶನೂ ನಕ್ಕು ಮೊಬೈಲು ಜೇಬಿಗೆ ಹಾಕಿಕೊಂಡ.

ಹೀಗೆ ಬೇಸಿಗೆ ಬಂತು. ದೊಡ್ಡಪ್ಪ ಒದ್ದೆ ಬಟ್ಟೆಯಿಂದ ಗೆರೆ ಒರೆಸುವುದು, ಗೋಡೆ ಹಿಡಿದು ಏಳುವುದು, ಮತ್ತೆ ಕೂತು ಗೀಚುವುದು. ಕಡೆಗೆ ನಿಂತ ಆಕಾರ ತೀರ ಸರಳ. ಹಲಗೆಯ ಅಂಚು ಮರ ಬೆಳೆದಂತೆಯೇ ಇರಬೇಕು, ನೇರ ಮಾಡಬಾರದು. ಕಾಲುಗಳು ಬುಡದಲ್ಲಿ ಅಗಲ, ಮೇಲೆ ಕಿರಿದು, ಕೆರೆಯ ಏರಿಯನ್ನು ಅಡ್ಡ ಕುಯ್ದರೆ ಕಾಣುವ ಹಾಗೆ. ಅಂಥ ಏರಿ ನಾಲ್ಕು. ಬಿಸಿಲಿಗೆ ಬಿಟ್ಟುಕೊಂಡಿದ್ದ ಸೀಳು ಇನ್ನೂ ಓಡದಂತೆ ಡಮರುಗದ ಆಕಾರದ ತುಂಡುಗಳನ್ನು ಅದಕ್ಕೆ ಅಡ್ಡ ಕೂರಿಸಿದರು. ಒಂದೊಂದು ತುಂಡಿಗೂ ಒಂದೊಂದು ದಿನ ಹಿಡಿಯಿತು. ಸಂಜೆ ಮನೆಗೆ ಬಂದರೆ ಊಟ ಬಡಿಸುವುದರೊಳಗೆ ಗೋಡೆಗೆ ಒರಗಿದಲ್ಲೇ ಕಣ್ಣು ಮುಚ್ಚಿರುತ್ತಿದ್ದರು.

ಕಾಲು ನಿಲ್ಲಿಸಿ ಮೇಲೆ ಹಾಸುಹಲಗೆ ಹೊರಿಸಿದ ದಿನ ಊರಿನ ಗಂಡಸರೆಲ್ಲ ಹೆಗಲು ಕೊಟ್ಟರು. ಆ ಮರ ಅಷ್ಟು ತೂಕ. ಕೂರಿಸಿದ ಮೇಲೆ ಎಲ್ಲರೂ ಗೋಡೆಗೆ ಸರಿದು ನಿಂತರು. ಸಭಾಂಗಣವೇ ಚಿಕ್ಕದಾಗಿ ಕಂಡಿತು. ಷಡಕ್ಷರಿಯವರು ಮೇಜಿನ ಸುತ್ತ ಒಂದು ಸುತ್ತು ಬಂದು, ನಡುವೆ ನಿಂತರು.

"ಲಕ್ಕಯ್ಯ, ಇದನ್ನ ಯಾವಾಗ ಮುಚ್ತೀಯ?"

"ಯಾವುದ್ನ ಸಾವ್ಕಾರ್ರೆ?"

"ಇದೇ ಕಣಯ್ಯ, ತೂತು."

"ಅದು ಅಂಗೇ ಇರ್ಲಿ."

"ಅಂಗೇ ಇರ್ಲಿ ಅಂದ್ರೆ? ನಟ್ಟನಡುವೆ ತೂತು ಇಟ್ಕಂಡು ಮೀಟಿಂಗ್ ಮಾಡಾದಾ? ಪೇಪರು ಬಿದ್ದೋಗ್ತವೆ, ಪೆನ್ನು ಬಿದ್ದೋಗ್ತವೆ."

"ಎಲೆಯಡಿಕೆ ಉಗ್ಯಾಕೆ ಆಯ್ತದೆ ಬುಡಿ ಸಾವ್ಕಾರ್ರೆ," ಎಂದ ಮನೋಹರ. "ಎದ್ದು ಆಚೆ ಓಗಾದು ತಪ್ಪುತ್ತೆ!"

ಎಲ್ಲರೂ ಗೊಳ್ಳೆಂದರು. ದೊಡ್ಡಪ್ಪನ ಮುಖ ನೋಡಿದ ಮನೋಹರನ ನಗು ಅರ್ಧಕ್ಕೇ ನಿಂತಿತು. ಅವನು ತಲೆ ತಗ್ಗಿಸಿ ಹೊರಗೆ ಹೋದ.

ರುದ್ರೇಶ ಸಮಾಧಾನಕ್ಕೆ ಬಂದ. "ನಾನು ತುಂಬಿಸ್ಕೊಡ್ತೀನಿ ಮಾವ. ನೀಲಿ ಗಾಜು ಉಯ್ದು, ಒಳಗೆ ಸಂಘದ ಹೆಸರು ಕಾಣೋ ಹಂಗೆ ಮಾಡಿ, ಕೆಳಗೊಂದು ಲೈಟ್ ಹಾಕ್ಬಿಟ್ರೆ..."

"ತೂತು ಮುಚ್ಚಾದಾದ್ರೆ ಬ್ಯಾರೆ ಆಳು ನೋಡ್ಕಳಿ," ಎಂದರು ದೊಡ್ಡಪ್ಪ. ದನಿ ಎತ್ತರಿಸಲಿಲ್ಲ. ಉಳಿ, ಕೊಡತಿ, ಉಜ್ಜುಗೊರಡು ಎಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದುಬಿಟ್ಟರು.

ಕೆಲಸ ನಿಂತಿತು. ಈ ಸಲ ಗದ್ದೆಗೆ ನೀರು ಬಿಡುವ ಮುಂಚಿನ ಸಭೆ ಆ ಮೇಜಿನ ಸುತ್ತಲೇ ನಡೆಯಬೇಕೆಂದು ಊರಿಗೆಲ್ಲ ಹೇಳಿಯಾಗಿತ್ತು. ದೊಡ್ಡಪ್ಪ ಜಗುಲಿಯಲ್ಲಿ ಕೂತು ಒಂದು ಹಳೆಯ ಮಣೆಗೆ ಮೊಳೆ ಹೊಡೆಯುತ್ತ, ಅದೇ ಮೊಳೆ ಕೀಳುತ್ತ ದಿನ ಕಳೆದರು. ದೊಡ್ಡಮ್ಮ ಕೇಳಿದ್ದಕ್ಕೆ, "ಅಪ್ಪನ ಎಸ್ರು ಎಲ್ಲೂ ಇಲ್ಲ ದೇವಿ. ಕೆರೆ ಏರಿ ಮ್ಯಾಲೆ ಕಲ್ಲಿಲ್ಲ, ಸಂಘದ ಗ್ವಾಡೆ ಮ್ಯಾಲೆ ಫೋಟೋ ಇಲ್ಲ. ಆ ತೂತು ಒಂದಾರ ಇರ್ಲಿ. ಕುಂತೋರು ನೋಡ್ಲಿ," ಎಂದರು. ಅಷ್ಟು ಮಾತು ಅವರು ಬೇರೆ ಯಾವತ್ತೂ ಒಟ್ಟಿಗೆ ಆಡಿದ್ದು ನನಗೆ ನೆನಪಿಲ್ಲ.

ಒಂದು ಮಧ್ಯಾಹ್ನ ಷಡಕ್ಷರಿಯವರೇ ನಡೆದುಕೊಂಡು ಬಂದರು. ಜೊತೆಗೆ ಯಾರೂ ಇರಲಿಲ್ಲ. ಜಗುಲಿಯ ಮೇಲೆ ದೊಡ್ಡಪ್ಪನ ಪಕ್ಕದಲ್ಲೇ ಕೂತರು. ದೊಡ್ಡಮ್ಮ ಕೊಟ್ಟ ಟೀ ಕುಡಿದರು. ಲೋಟ ಕೆಳಗಿಟ್ಟರು.

"ಪೇಪರು ಬೀಳ್ತವೆ ಅಂದಿದ್ದು ಸುಳ್ಳು ಕಣಯ್ಯ ಲಕ್ಕಯ್ಯ."

ದೊಡ್ಡಪ್ಪ ಮಣೆಯನ್ನು ಪಕ್ಕಕ್ಕಿಟ್ಟರು.

"ಅವತ್ತು ಏರಿ ಮೇಲೆ ನಿಂತು ಇಳಿ ಇಳಿ ಅಂದೋರಲ್ಲಿ ನಮ್ಮಪ್ಪ ಮೊದಲನೆಯೋರು. ನಮ್ಮ ಗದ್ದೆಯೇ ಮೊದಲು ಕೊಚ್ಕಂಡು ಓಗ್ತಿತ್ತು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನೀನೂ ಇದ್ದೆ."

"ಇದ್ದೆ."

"ಅಧ್ಯಕ್ಷ ಅಂತ ನನ್ನ ನಡುವೆ ಕೂರಿಸ್ತಾರೆ. ಆ ತೂತು ಎದುರಿಗಿಟ್ಕಂಡು ನಾನು ಯಾರಿಗೆ ನೀರು ಅಂಚಲಯ್ಯ?"

"ಕಾಣ್ಲಿ ಅಂತಲೇ ಬುಟ್ಟಿರಾದು ಸಾವ್ಕಾರ್ರೆ."

"ನಂಗಾ?"

"ನಿಮ್ಗೊಬ್ರಿಗೇ ಅಲ್ಲ. ಎಲ್ರಿಗೂವೆ. ನಂಗೂವೆ."

ಇಬ್ಬರೂ ಬೀದಿಯ ಕಡೆ ನೋಡುತ್ತ ಕೂತರು. ಒಪ್ಪುವ ಹಾಗೂ ಇಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಆಗ ಒಳಗಿನಿಂದ ಅಜ್ಜಿಯ ದನಿ ಬಂತು.

"ಲೇ ಲಕ್ಕ. ಇನ್ನೂ ತೆಗ್ದೇ ಇಟ್ಟಿದ್ದೀಯೇನ್ಲಾ ಅದ?"

ದೊಡ್ಡಪ್ಪ ಬೆಚ್ಚಿ ತಿರುಗಿದರು. "ಯಾವುದವ್ವಾ?"

"ಯಾವುದವ್ವಾ ಅಂತೆ! ತೂಬು ಕಣ್ಲಾ." ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸಿಲಿಗೆ ಬಂದರು. "ನನ್ ಕಣ್ಣು ಓಗಿದ್ರೂ ಮೂಗು ಓಗಿಲ್ಲ. ಒಂದೊರ್ಸದಿಂದ ನಿನ್ ಬಟ್ಟೇಲಿ ಆ ಕೆಸ್ರಿನ ವಾಸ್ನೆ ಬತ್ತದೆ. ನಿಮ್ಮಪ್ಪನ ಮೈಲೂ ಅದೇ ಬತ್ತಿತ್ತು. ಯಾರೂ ಯೋಳ್ನಿಲ್ಲ, ನಾನೂ ಕೇಳ್ನಿಲ್ಲ."

"ಅವ್ವಾ, ನೀನು ಒಳೀಕ್ ನಡಿ."

"ಓಯ್ತೀನಿ. ಇದೊಂದ ಯೋಳು. ನಿಮ್ಮಪ್ಪ ಯಾಕ್ಲಾ ಇಳುದ್ದ? ತೂತ ನೋಡಾಕೆ ಇಳುದ್ನಾ?"

ದೊಡ್ಡಪ್ಪ ಮಣೆಯನ್ನು ಮತ್ತೆ ಎತ್ತಿಕೊಂಡರು.

"ಮುಚ್ಚಾಕೆ ಇಳುದ್ದ. ಅವನ ಕೈಲಿ ಆಗ್ನಿಲ್ಲ. ಆ ಕೆಲ್ಸ ಅಂಗೇ ಬಿದ್ದದೆ. ನೀನು ಅದ ತಂದು ಊರ ಮುಂದೆ ಬಾಯಿ ತೆಗ್ದು ಮಡಗ್ತೀನಿ ಅಂತೀಯಲ್ಲ, ಅವನಿಗೇನ್ ಸುಖ ಅದ್ರಿಂದ? ಮುಚ್ಲಾ."

ಷಡಕ್ಷರಿಯವರು ಎದ್ದು ನಿಂತಿದ್ದರು. ಅಜ್ಜಿ ಅವರ ಕಡೆ ಮುಖ ತಿರುಗಿಸಿ, "ನೀವೂ ಅಷ್ಟೇ ಬುದ್ಧಿ. ಅದೇನೋ ಗಾಜು ಗೀಜು ಉಯ್ಯಾದಂತಲ್ಲ, ಕಿವಿಗೆ ಬಿತ್ತು, ಬ್ಯಾಡ. ತೂಬಿಗೆ ಬಿರಡೆ ಆಕ್ತಾರೆ. ಬಟ್ಟೆ ಸುತ್ತಿ ಆಕ್ತಾರೆ. ಬಟ್ಟೆ ನಾನು ಸುತ್ತಿಕೊಡ್ತೀನಿ," ಎಂದರು.

"ಆಗ್ಲಿ ಬೆಟ್ಟಮ್ಮ," ಎಂದರು ಷಡಕ್ಷರಿಯವರು. ಬೀದಿಗೆ ಇಳಿದು ಹೋದರು.

ಈ ಬಟ್ಟೆ ಸುತ್ತುವುದು ನೀರಗಂಟಿ ಮನೆಗಳ ಕ್ರಮ. ಬರಿಯ ಮರದ ಬಿರಡೆ ತೂತಿಗೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಸೋರುತ್ತದೆ. ಅದಕ್ಕೆ ಹಳೆಯ ನೂಲಿನ ಬಟ್ಟೆಯನ್ನು ಹರಿದು, ಹುರಿ ಮಾಡಿ, ಹರಳೆಣ್ಣೆಯಲ್ಲಿ ಅದ್ದಿ ಸುತ್ತುತ್ತಾರೆ. ಅದನ್ನು ಸುತ್ತುವುದು ಮನೆಯ ಹೆಂಗಸು, ಕೂರಿಸುವುದು ಗಂಡಸು. ಮದುವೆಯಾಗಿ ಬಂದ ವರ್ಷದಿಂದ ಅಜ್ಜಿ ಆ ಕೆಲಸ ಮಾಡಿದ್ದರು. ತಾತ ಹೋದ ಮೇಲೆ ಯಾರೂ ಅವರಿಂದ ಅದನ್ನು ಕೇಳಿರಲಿಲ್ಲ.

ದೊಡ್ಡಪ್ಪ ಕಾಲಿಗೆ ಕುಯ್ದು ಉಳಿದಿದ್ದ ಅದೇ ಕಪ್ಪು ಮರದಲ್ಲಿ ಬಿರಡೆ ಕೆತ್ತಿದರು. ಮೇಲೆ ದಪ್ಪ, ಕೆಳಗೆ ಸಣ್ಣ. ಕೆತ್ತುವುದರಲ್ಲಿ ಅವರಿಗೆ ಸಂತೋಷವೇನೂ ಕಾಣಲಿಲ್ಲ, ಬೇಸರವೂ ಕಾಣಲಿಲ್ಲ. ಬಹಳ ದಿನ ಹೊತ್ತ ಹೊರೆಯನ್ನು ಎಲ್ಲಿ ಇಳಿಸಬೇಕೆಂದು ಯಾರೋ ತೋರಿಸಿದಾಗ ಅಲ್ಲಿಯವರೆಗೂ ಹೊತ್ತು ನಡೆಯಲೇಬೇಕಲ್ಲ, ಹಾಗಿದ್ದರು. ಅಜ್ಜಿ ತಮ್ಮ ಒಂದು ಹಳೆಯ ಸೀರೆಯನ್ನು ತರಿಸಿ ಪಟ್ಟಿ ಪಟ್ಟಿಯಾಗಿ ಹರಿದರು. ಬಿರಡೆಯನ್ನು ಮಡಿಲಲ್ಲಿಟ್ಟುಕೊಂಡು ಸುತ್ತುತ್ತ, ಬೆರಳಿನಿಂದ ತಡವಿ ನೋಡುತ್ತ, "ಇಲ್ಲಿ ದಪ್ಪಾಯ್ತು, ಬಿಚ್ಲಾ," ಎನ್ನುವರು. ದೊಡ್ಡಪ್ಪ ಬಿಚ್ಚುವರು. "ಎಣ್ಣೆ ಸಾಲ್ದು." ಎಣ್ಣೆ ಹಾಕುವರು.

"ಮರ ಇನ್ನೂ ವಸಿ ಕುಗ್ತದೆ ಅವ್ವಾ," ಎಂದರು ದೊಡ್ಡಪ್ಪ. "ಬಟ್ಟೆ ಇದ್ರೆ ತಡ್ಕತದೆ. ನಂಗೆ ಒಳೀನಿಲ್ಲ ನೋಡು ಇದು."

"ನಿಂಗೆಲ್ಲಿಂದ ಒಳೀತದೆ. ತೂಬು ಅಂದ್ರೆ ಊರು ಸುತ್ತಿ ಬರೋನು," ಎಂದು ಅಜ್ಜಿ ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದರು. ದೊಡ್ಡಪ್ಪ ನಕ್ಕರು. ಆ ವರ್ಷದಲ್ಲಿ ಅವರು ನಕ್ಕದ್ದು ಕಡಿಮೆ.

ಸಭೆಯ ಹಿಂದಿನ ದಿನ ಅಜ್ಜಿಯನ್ನು ಮನೋಹರ ಆಟೋ ತರಿಸಿ ಸಂಘದ ಕಟ್ಟಡಕ್ಕೆ ಕರೆತಂದ. ಅಜ್ಜಿಯ ಕೈ ಹಿಡಿದು ಇಳಿಸಿ, "ಅಜ್ಜಿ, ಅವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ," ಎಂದ.

"ಏನಂದ್ಯೋ?"

"ಏನಿಲ್ಲ ಬುಡಜ್ಜಿ."

"ನೀನು ಏನೂ ಅನ್ನದೆ ಇದ್ದ ದಿನ ಇದ್ರೆ ಅದ ಯೋಳು," ಎಂದರು ಅಜ್ಜಿ.

ಸಭಾಂಗಣದಲ್ಲಿ ಷಡಕ್ಷರಿಯವರು ಮೊದಲೇ ಬಂದು ಕಿಟಕಿಯ ಹತ್ತಿರ ನಿಂತಿದ್ದರು. ಅಜ್ಜಿಯನ್ನು ಮೇಜಿನ ನಡುವಿಗೆ ಕುರ್ಚಿ ಹಾಕಿ ಕೂರಿಸಿದರು. ಅವರು ಎರಡು ಅಂಗೈಯನ್ನೂ ಮರದ ಮೇಲೆ ಇಟ್ಟು, ನಿಧಾನವಾಗಿ ಸವರುತ್ತ ಹೋದರು. ಕೈ ತೂತಿನ ಅಂಚಿಗೆ ಬಂದಾಗ ನಿಂತಿತು. ಅಂಚಿನ ಸುತ್ತ ಒಂದು ಸಲ ಬೆರಳಾಡಿಸಿದರು. ಒಳಗೆ ಹಾಕಲಿಲ್ಲ.

"ಆಕ್ಲಾ," ಎಂದರು.

ದೊಡ್ಡಪ್ಪ ಬಿರಡೆಯನ್ನು ತೂತಿಗಿಟ್ಟು ಎರಡು ಕೈಯಲ್ಲಿ ಒತ್ತಿ ತಿರುಗಿಸಿದರು. ಕೊಡತಿ ಮುಟ್ಟಲಿಲ್ಲ. ಎಣ್ಣೆ ಬಟ್ಟೆ ಕಿರ್ರೆಂದು ಒಳಗೆ ಇಳಿಯಿತು. ಇನ್ನೊಂದು ಸಲ ಒತ್ತಿದರು, ಇಡೀ ಮೈಭಾರ ಹಾಕಿ. ಬಿರಡೆ ನಿಂತಿತು. ಅದರ ತಲೆ ಮೇಜಿನ ಮೇಲೆ ಹೆಬ್ಬೆರಳಿನಷ್ಟು ಎತ್ತರ ಉಳಿದಿತ್ತು. ಅದನ್ನು ಮಟ್ಟ ಮಾಡು ಎಂದು ಷಡಕ್ಷರಿಯವರು ಹೇಳಲಿಲ್ಲ.

"ಕೆಳಗೆ ಕೈ ಇಟ್ಟು ನೋಡ್ಲಾ," ಎಂದರು ಅಜ್ಜಿ. "ಸೋರ್ತದಾ?"

ಯಾರೂ ನಗಲಿಲ್ಲ. ದೊಡ್ಡಪ್ಪ ಮೇಜಿನ ಅಂಚು ಹಿಡಿದು, ಬಲಗಾಲನ್ನು ನೀಟಾಗಿ ಚಾಚಿಕೊಂಡು, ಕಷ್ಟಪಟ್ಟು ನೆಲಕ್ಕೆ ಕೂತರು. ಮೇಜಿನ ಕೆಳಗೆ ಸರಿದು ಕೈ ಮೇಲಕ್ಕೆ ಚಾಚಿ ಬಿರಡೆಯ ಕೆಳತುದಿಯನ್ನು ಮುಟ್ಟಿದರು. ಕೈಯನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಇದ್ದರು. ಮೇಜಿನ ಕೆಳಗೆ ಅವರ ಮುಖ ನಮಗೆ ಕಾಣುತ್ತಿರಲಿಲ್ಲ.

"ಇಲ್ಲ ಕಣವ್ವ," ಎಂದರು. "ನಿಂತದೆ."

ಅಜ್ಜಿ ತಲೆಯಾಡಿಸಿ ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡರು. "ಅಂಗಾರೆ ನಡಿ, ಮನೆಗೋಗವಾ. ಈ ಕುರ್ಚಿ ಬೆನ್ನು ನೋಯಿಸ್ತದೆ."

ದೊಡ್ಡಪ್ಪನಿಗೆ ಏಳಲು ಆಗಲಿಲ್ಲ. ಮನೋಹರ ಒಂದು ಕಡೆ ರಟ್ಟೆ ಹಿಡಿದ. ಷಡಕ್ಷರಿಯವರು ಬಗ್ಗಿ ಮೇಜಿನ ಕೆಳಗೆ ಕೈ ಚಾಚಿದರು. ದೊಡ್ಡಪ್ಪ ಆ ಕೈಯನ್ನು ಒಂದು ಕ್ಷಣ ನೋಡಿ, ಹಿಡಿದುಕೊಂಡು ಎದ್ದರು. ಮೇಜಿನ ಹಾಸುಹಲಗೆಗೆ ಇನ್ನೊಂದು ಸಲ ಎಣ್ಣೆ ಕುಡಿಸುವುದು ಬಾಕಿಯಿತ್ತು. ಸಭೆಗೆ ಮುಂಚೆ ಬೆಳಿಗ್ಗೆ ಬಂದು ಮಾಡ್ತೀನಿ ಎಂದು ಹೇಳಿ, ಅಜ್ಜಿಯನ್ನು ಮುಂದೆ ಬಿಟ್ಟುಕೊಂಡು, ಕಾಲೆಳೆಯುತ್ತ ಬಾಗಿಲಿನ ಕಡೆ ನಡೆದರು.